‘ತಸ್ತನಗಿ’ ಅಂದರೆ ಹೆಸರಾ, ಪದವಿಯಾ? ಸೆಮಿನೋಲ್ ಯುದ್ಧನಾಯಕರ ಬಗ್ಗೆ ಗೊತ್ತಿರುವವರು ಹೇಳಿ

ಶರಾವತಿ_ಟ್ಯಾಂಪಾ

ಎಲ್ಲರಿಗೂ ನಮಸ್ಕಾರ. ನಾವು ಫ್ಲಾರಿಡಾದ ಟ್ಯಾಂಪಾದಲ್ಲಿದ್ದೇವೆ. ಮಗಳು ನಾಲ್ಕನೇ ಕ್ಲಾಸು. ಇಲ್ಲಿ ಆ ಕ್ಲಾಸಿಗೆ ಫ್ಲಾರಿಡಾದ ಚರಿತ್ರೆ ಇರುತ್ತದೆ. ಈ ಸಲ ಅವಳ ಪಾಲಿಗೆ ಬಂದಿರುವುದು ಎರಡನೇ ಸೆಮಿನೋಲ್ ಯುದ್ಧ, ಇಲ್ಲಿನ ಮೂಲನಿವಾಸಿಗಳಾದ ಸೆಮಿನೋಲರಿಗೂ ಅಮೆರಿಕದ ಸೈನ್ಯಕ್ಕೂ 1835ರಿಂದ 1842ರವರೆಗೆ ನಡೆದದ್ದು. ಒಂದು ಚಾರ್ಟ್ ಮಾಡಿಕೊಂಡು ಹೋಗಬೇಕು.

ಹೋದ ಭಾನುವಾರ ಬುಶ್ನೆಲ್‌ನಲ್ಲಿರುವ ಡೇಡ್ ಯುದ್ಧಭೂಮಿಗೆ ಅವಳನ್ನು ಕರೆದುಕೊಂಡು ಹೋಗಿದ್ದೆವು. ಅಲ್ಲಿಂದ ಇನ್ನೂ ಮೇಲೆ ಡನೆಲನ್‌ವರೆಗೆ ಹೋದೆವು. ವಿತ್ಲಕೂಚಿ ಹೊಳೆಯ ಪಕ್ಕದಲ್ಲಿ ಒಂದು ಕಾಡಿದೆ. ಬೋರ್ಡಿನ ಮೇಲೆ ‘ಹಲ್ಪಟ ತಸ್ತನಕಿ’ ಅಂತ ಬರೆದಿತ್ತು. ಮನೆಗೆ ಬಂದು ಓದಿದರೆ ಹಾಲೆಕ್ ತಸ್ತನಗಿ ಅಂತ ಇನ್ನೊಬ್ಬರು ಸಿಕ್ಕರು. ಆಮೇಲೆ ಚಾರ್ಲಿ ಇಮಾತ್ಲ, ಹೊಲಾಟ ಇಮಾತ್ಲ. ಕೋವ ಹಾಜೊ, ಯಹ ಹಾಜೊ. ಎರಡೆರಡು ಹೆಸರು ಒಂದೇ ಥರ ಮುಗಿಯುತ್ತವೆ. ಇವರೆಲ್ಲ ಅಣ್ಣ ತಮ್ಮಂದಿರಾ? ಅಥವಾ ನಮ್ಮ ಕಡೆ ದಳವಾಯಿ, ನಾಯಕ ಅನ್ನುವ ಮನೆತನದ ಹೆಸರುಗಳಿದ್ದ ಹಾಗಾ?

ಮಗಳು ಚಾರ್ಟಿನಲ್ಲಿ ಎಲ್ಲರ ಹೆಸರಿನ ಹಿಂದೆಯೂ ‘ಚೀಫ್’ ಅಂತ ಬರೆದಿದ್ದಳು. ಚೀಫ್ ಮಿಕನೋಪಿ, ಚೀಫ್ ಅಲಿಗೇಟರ್, ಚೀಫ್ ಜಂಪರ್, ಚೀಫ್ ಒಸ್ಸಿಯೋಲಾ. ಬರೆದಾದ ಮೇಲೆ ಪೆನ್ಸಿಲ್ ಕೆಳಗಿಟ್ಟು ಕೇಳಿದಳು: “ಅಮ್ಮಾ, ಎಲ್ಲರೂ ಚೀಫ್ ಆದರೆ ಮಾತು ಕೇಳೋರು ಯಾರು?”

ನನಗೆ ಉತ್ತರ ಗೊತ್ತಾಗಲಿಲ್ಲ. ಇಲ್ಲಿ ಯಾರಿಗಾದರೂ ಗೊತ್ತಾ?

ಬಯಲುಸೀಮೆ_ಹುಡುಗ

ಮೇಡಂ, ನನಗೆ ತಿಳಿದ ಮಟ್ಟಿಗೆ ಅಲಿಗೇಟರ್, ಜಂಪರ್, ಟೈಗರ್ ಟೇಲ್, ವೈಲ್ಡ್ ಕ್ಯಾಟ್ ಎಲ್ಲವೂ ಅಮೆರಿಕದ ಸೈನಿಕರು ಇಟ್ಟ ಅಡ್ಡಹೆಸರುಗಳು. ತಸ್ತನಗಿ ಕೂಡ ಹಾಗೇ ಏನೋ ಇರಬೇಕು.

ಒಕ್ಮಲ್ಗಿ_ಮೇಷ್ಟ್ರು

ಶರಾವತಿ ಅವರೇ, ನಿಮ್ಮ ಮಗಳು ಕೇಳಿದ್ದು ಸರಿಯಾದ ಪ್ರಶ್ನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಹನ್ನೊಂದು ವರ್ಷದಿಂದ ಒಕ್ಲಹೋಮಾದ ಒಕ್ಮಲ್ಗಿ ಕಡೆ ಗಣಿತದ ಮೇಷ್ಟ್ರು. ಒಕ್ಮಲ್ಗಿ ಅಂದರೆ ಮಸ್ಕೋಗಿ ಅನ್ನುವ ಮೂಲನಿವಾಸಿ ಜನರ ನೇಷನ್ನಿನ ರಾಜಧಾನಿ. ಇವರನ್ನು 1830ರ ದಶಕದಲ್ಲಿ ಅಲಬಾಮ, ಜಾರ್ಜಿಯಾ ಕಡೆಯಿಂದ ಎಬ್ಬಿಸಿ ಇಲ್ಲಿಗೆ ಅಟ್ಟಿದರು. ಸೆಮಿನೋಲರು ಬೇರೆ ಜನ ಅಲ್ಲ, ಬೇರೆಯಾದ ಜನ. ಮಸ್ಕೋಗಿ ಊರುಗಳಿಂದ ಹದಿನೆಂಟನೇ ಶತಮಾನದಲ್ಲಿ ಫ್ಲಾರಿಡಾಕ್ಕೆ ಇಳಿದವರೇ ಹೆಚ್ಚು. ಹೋಗುವಾಗ ಪದವಿಗಳನ್ನೂ ಜೊತೆಗೆ ತೆಗೆದುಕೊಂಡು ಹೋದರು. ಅದಕ್ಕೇ ಫ್ಲಾರಿಡಾದ ಹೊಳೆ ದಂಡೆಯ ಬೋರ್ಡಿನಲ್ಲಿ ನೀವು ಓದಿದ ಪದ, ಒಕ್ಲಹೋಮಾದ ನನ್ನ ಊರಿನಲ್ಲೂ ಕಿವಿಗೆ ಬೀಳುತ್ತದೆ.

ತಸ್ತನಗಿ ಅನ್ನುವುದು ಪದವಿ. ಯುದ್ಧದಲ್ಲಿ ಮುಂದೆ ನಿಲ್ಲುವವನು. ಹಲ್ಪಟ ಅಂದರೆ ಮೊಸಳೆ. ಎರಡೂ ಸೇರಿದರೆ ಒಬ್ಬ ಮನುಷ್ಯನ ಪೂರ್ತಿ ಹೆಸರು. ಅಮೆರಿಕದ ಸೈನಿಕರು ಹಿಂದಿನ ಪದ ಬಿಟ್ಟು ಬರೀ ‘ಅಲಿಗೇಟರ್’ ಅಂತ ಕರೆದರು. ಪದವಿ ಬಿದ್ದುಹೋಯಿತು, ಮೊಸಳೆ ಉಳಿಯಿತು. ಬಯಲುಸೀಮೆಯವರೇ, ಹಾಗಾಗಿ ಅದು ಅಡ್ಡಹೆಸರಲ್ಲ, ಅರ್ಧಕ್ಕೆ ಕತ್ತರಿಸಿದ ಹೆಸರು.

ಇದಕ್ಕಿಂತ ದೊಡ್ಡದು ತಸ್ತನಗಿ ಥ್ಲಕ್ಕೊ. ಊರಿಗೆಲ್ಲ ಹಿರಿಯ ಯುದ್ಧನಾಯಕ. ಟುಕಬಾಚಿ ಊರಿನ ‘ಬಿಗ್ ವಾರಿಯರ್’ ಅಂತ ಇಂಗ್ಲಿಷ್ ಪುಸ್ತಕಗಳಲ್ಲಿ ಬರುತ್ತಾರಲ್ಲ, ಅವರ ಪದವಿ ಇದೇ. ಥ್ಲಕ್ಕೊ ಅಂದರೆ ದೊಡ್ಡದು. ನೀವು ನೋಡಿ ಬಂದ ವಿತ್ಲಕೂಚಿ ಹೊಳೆಯ ಹೊಟ್ಟೆಯಲ್ಲೂ ಅದೇ ಪದ ಇದೆ. ಮೊದಲು ನೀರು, ಆಮೇಲೆ ದೊಡ್ಡದು, ಕೊನೆಗೆ ಚಿಕ್ಕದು. ದೊಡ್ಡ ನೀರು ಅಂದರೆ ಹೊಳೆ. ಇದು ಚಿಕ್ಕ ಹೊಳೆ.

ಈ ‘ಥ್ಲ’ ನಮ್ಮ ಯಾವ ಅಕ್ಷರದಲ್ಲೂ ಕೂರುವುದಿಲ್ಲ. ನನಗೆ ಕಲಿಸಿದ್ದು ಒಬ್ಬ ವಿದ್ಯಾರ್ಥಿಯ ಅಜ್ಜಿ. ಪೋಷಕರ ಸಭೆಗೆ ಬಂದಿದ್ದರು. ‘ಲ’ ಹೇಳುವ ಜಾಗಕ್ಕೆ ನಾಲಿಗೆ ಇಡು, ಗಂಟಲಿನಿಂದ ಸದ್ದು ತರಬೇಡ, ಎರಡು ಪಕ್ಕದಿಂದ ಗಾಳಿ ಮಾತ್ರ ಬಿಡು ಅಂದರು. ನನ್ನ ಅಂಗೈಯನ್ನು ಅವರ ಬಾಯಿಯ ಮುಂದೆ ಹಿಡಿಸಿ ಆ ಗಾಳಿ ತೋರಿಸಿದರು. ಆಮೇಲೆ ಮೊಮ್ಮಗನ ಹೆಸರನ್ನೂ ತಿದ್ದಿದರು. ನಾನು ಹಾಜರಿ ಕೂಗುವಾಗ ‘ಹಾರ್ಜೊ’ ಅಂತ ರಕಾರ ಒತ್ತಿ ಹೇಳುತ್ತಿದ್ದೆ. ಅಲ್ಲಿ ‘ರ’ ಇಲ್ಲವೇ ಇಲ್ಲ ಅಂದರು. ‘ಹಾ’ ಉದ್ದ ಮಾಡಬೇಕು ಅಂತ ಹಿಂದೆ ಇಂಗ್ಲಿಷಿನಲ್ಲಿ ಬರೆದುಕೊಂಡವರು ಆ ಅಕ್ಷರ ಸೇರಿಸಿದ್ದು. ಹೇಳುವಾಗ ಹಾಜೊ.

ಹಾಜೊ ಅಂದರೆ ಹುಚ್ಚು. ಇಂಗ್ಲಿಷಿನಲ್ಲಿ ‘ಕ್ರೇಜಿ’ ಅಂತ ಬರೆದು ಮುಗಿಸುತ್ತಾರೆ. ನನಗೆ ಅದು ಸಮಾಧಾನ ಕೊಡುವುದಿಲ್ಲ. ಕಾಳಗದಲ್ಲಿ ಮೈಮೇಲೆ ಪರಿವೆಯಿಲ್ಲದೆ, ಜೀವದ ಹಂಗು ಬಿಟ್ಟು ನುಗ್ಗುವವನು ಹಾಜೊ. ನಾವೂ ‘ಹುಚ್ಚು ಧೈರ್ಯ’ ಅನ್ನುತ್ತೇವೆ, ಆ ಅರ್ಥದ ಹುಚ್ಚು. ಯಹ ಅಂದರೆ ತೋಳ, ನೊಕೊಸ್ ಅಂದರೆ ಕರಡಿ, ಚಿಟ್ಟೊ ಅಂದರೆ ಹಾವು. 1909ರಲ್ಲಿ ಒಕ್ಲಹೋಮಾದಲ್ಲಿ ಜನಾಂಗದ ಒಟ್ಟು ನೆಲವನ್ನು ತುಂಡು ಮಾಡಿ ಹಂಚುವುದನ್ನು ವಿರೋಧಿಸಿದ್ದಕ್ಕೆ ಬೇಟೆಯಾಡಿಸಿಕೊಂಡವರು ಚಿಟ್ಟೊ ಹಾಜೊ. ಪೇಪರುಗಳು ಅವರನ್ನು ‘ಕ್ರೇಜಿ ಸ್ನೇಕ್’ ಅಂತ ಬರೆದವು. ಗೌರವದ ಹೆಸರನ್ನು ಪದ ಪದ ಇಂಗ್ಲಿಷ್ ಮಾಡಿ ಮನುಷ್ಯನಿಗೇ ತಲೆಕೆಟ್ಟಿದೆ ಅನ್ನಿಸುವ ಹಾಗೆ ಮಾಡಿದರು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಇನ್ನೊಂದು ಹೆಸರು ಫಿಕ್ಸಿಕೊ. ಎದೆ, ಇಲ್ಲ, ಅಷ್ಟೇ ಪದಗಳು. ಕನ್ನಡದಲ್ಲಿ ‘ಎದೆ ಇಲ್ಲದವನು’ ಅಂದರೆ ಪುಕ್ಕಲ ಅಂತಾಗುತ್ತದೆ, ಯಾಕೆಂದರೆ ನಮಗೆ ಧೈರ್ಯ ಇರುವುದು ಎದೆಯಲ್ಲಿ. ಅವರಿಗೆ ಎದೆಯಲ್ಲಿ ಇರುವುದು ಮರುಕ. ಹಾಗಾಗಿ ಫಿಕ್ಸಿಕೊಗೆ ಸರಿಯಾದ ಕನ್ನಡ ‘ಕರುಳಿಲ್ಲದವನು’. ಶತ್ರುವಿನ ಮುಂದೆ ಕರುಳಿಲ್ಲದವನು ಅಂತ ಹೊಗಳಿಕೆ.

ಇಮಾತ್ಲ ಕೂಡ ಪದವಿ. ಅದರಲ್ಲೂ ಚಿಕ್ಕ ಇಮಾತ್ಲ, ದೊಡ್ಡ ಇಮಾತ್ಲ ಅಂತ ಎರಡು ಮೆಟ್ಟಿಲು. ತಸ್ತನಗಿ ಅದಕ್ಕಿಂತ ಮೇಲೆ. ಹುಡುಗರು ತಾಯಿ ಮನೆಯ ಹೆಸರಿನಲ್ಲೇ ಬೆಳೆಯುತ್ತಿದ್ದರು. ಯುದ್ಧದಲ್ಲಿ ಏನಾದರೂ ಮಾಡಿ ತೋರಿಸಿದ ಮೇಲೆ, ಊರಿನ ನಡುವಿನ ಚೌಕದಲ್ಲಿ ಎಲ್ಲರ ಎದುರು ಹೊಸ ಹೆಸರು ಕೂಗುತ್ತಿದ್ದರು. ಅಪ್ಪ ತಸ್ತನಗಿ ಆಗಿದ್ದ ಅಂತ ಮಗ ಆಗುವುದಿಲ್ಲ.

ಈಗ ದಳವಾಯಿ ವಿಷಯ. ಇವತ್ತಿಗೆ ನೋಡಿದರೆ ನಿಮ್ಮ ಹೋಲಿಕೆ ಸರಿ. ಹಾಜೊ, ಫಿಕ್ಸಿಕೊ, ತಸ್ತನಗಿ ಎಲ್ಲ ಈಗ ಮನೆತನದ ಹೆಸರುಗಳೇ. 2019ರಿಂದ 2022ರವರೆಗೆ ಅಮೆರಿಕದ ರಾಷ್ಟ್ರಕವಿಯಾಗಿದ್ದ ಜಾಯ್ ಹಾರ್ಜೊ ಅವರೂ ಮಸ್ಕೋಗಿಯವರು. ಆದರೆ ಆಗಿನ ಕಾಲಕ್ಕೆ ಹೋದರೆ ಹೋಲಿಕೆ ನಿಲ್ಲುವುದಿಲ್ಲ. ದಳವಾಯಿ ಅಪ್ಪಣೆ ಕೊಟ್ಟರೆ ದಂಡು ಹೊರಡಬೇಕಿತ್ತು. ತಸ್ತನಗಿಗೆ ಅಪ್ಪಣೆ ಕೊಡುವ ಅಧಿಕಾರವೇ ಇರಲಿಲ್ಲ.

ಬೆಂಜಮಿನ್ ಹಾಕಿನ್ಸ್ ಅಂತ ಒಬ್ಬರು 1796ರಿಂದ 1816ರವರೆಗೆ ಅಮೆರಿಕ ಸರ್ಕಾರದ ಏಜೆಂಟಾಗಿ ಈ ಊರುಗಳ ನಡುವೆಯೇ ಇದ್ದರು. ಕಂಡದ್ದನ್ನು ಬರೆದಿಟ್ಟಿದ್ದಾರೆ. ಚೌಕದ ನಾಲ್ಕು ಕಡೆ ನಾಲ್ಕು ಚಪ್ಪರ. ಪೂರ್ವಕ್ಕೆ ಮುಖ ಮಾಡಿದ್ದು ಮಿಕ್ಕೊ ಕೂರುವ ಚಪ್ಪರ. ದಕ್ಷಿಣಕ್ಕೆ ಮುಖ ಮಾಡಿದ್ದು ಯೋಧರದು, ಅದರ ಪಶ್ಚಿಮದ ತುದಿಯಲ್ಲಿ ದೊಡ್ಡ ತಸ್ತನಗಿ, ಅಂದರೆ ಮಿಕ್ಕೊಗೆ ಹತ್ತಿರದ ತುದಿ. ಮಿಕ್ಕೊ ಊರಿನ ಯಜಮಾನ. ಬಣ್ಣ ಬಿಳಿ, ಕೆಲಸ ಶಾಂತಿ. ತಸ್ತನಗಿಯ ಬಣ್ಣ ಕೆಂಪು. ಊರಿಗೆ ಅನ್ಯಾಯ ಆಗಿದೆ ಅಂತ ಮಿಕ್ಕೊ ಮತ್ತು ಹಿರಿಯರಿಗೆ ಅನ್ನಿಸಿದರೆ ದೊಡ್ಡ ತಸ್ತನಗಿ ಕೊಡಲಿ ಎತ್ತುತ್ತಾನೆ. ಎತ್ತಿದ ಮೇಲೂ ಮಿಕ್ಕೊ ತಡೆದು ಸಂಧಾನಕ್ಕೆ ಕೂರಬಹುದು. ತಸ್ತನಗಿ ಕೇಳದೆ ಹೊರಟರೆ, ಮನಸ್ಸಿದ್ದವರು ಮಾತ್ರ ಹಿಂದೆ ಹೋಗುತ್ತಾರೆ.

ಹೊರಡುವ ರೀತಿ ನೋಡಿ. ಇಂಥ ಕಡೆ ಬಿಡಾರ ಹೂಡುತ್ತೇನೆ ಅಂತ ಮೊದಲೇ ಹೇಳುತ್ತಾನೆ. ಒಮ್ಮೊಮ್ಮೆ ಜೊತೆಗೆ ಒಬ್ಬರೋ ಇಬ್ಬರೋ ಅಷ್ಟೇ. ಒಂದು ಗುಂಡು ಹಾರಿಸಿ ಯುದ್ಧದ ಕೂಗು ಹಾಕಿ ನಡೆದುಬಿಡುತ್ತಾನೆ. ಆಮೇಲೆ ಊರಿನಲ್ಲಿ ಒಬ್ಬೊಬ್ಬರೇ ಎದ್ದು, ತಾವೂ ಗುಂಡು ಹಾರಿಸಿ, ಕೂಗು ಹಾಕಿ ಹೊರಡುತ್ತಾರೆ. ಇದು ಒಂದೆರಡು ರಾತ್ರಿ ನಡೆಯುತ್ತದೆ. ಕತ್ತಲಲ್ಲಿ ಮಲಗಿ ಆ ಗುಂಡಿನ ಸದ್ದು ಎಣಿಸುವ ತಾಯಂದಿರನ್ನು ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ತನ್ನ ಹಿಂದೆ ಎಷ್ಟು ಜನ ಬಂದರು ಅನ್ನುವುದು ಬಿಡಾರದಲ್ಲಿ ಕಾಯುವ ತಸ್ತನಗಿಗೆ ಗೊತ್ತಾಗುತ್ತಿದ್ದದ್ದೂ ಹೀಗೇ. ಇಡೀ ಜನಾಂಗದ ಅರ್ಧದಷ್ಟು ಜನ ಒಟ್ಟಿಗೆ ಯುದ್ಧಕ್ಕೆ ಒಪ್ಪಿದ್ದು ಹಿರಿಯರ ನೆನಪಿನಲ್ಲೇ ಇಲ್ಲ ಅಂತ ಹಾಕಿನ್ಸ್ ಬರೆಯುತ್ತಾರೆ.

ಈಗ ನೀವು ನೋಡಿದ ಡೇಡ್ ಯುದ್ಧಭೂಮಿಗೆ ಬನ್ನಿ. 1835ರ ಡಿಸೆಂಬರ್ 28. ಹಲ್ಪಟ ತಸ್ತನಗಿ ಆಮೇಲೆ ತಾವೇ ಹೇಳಿದ ವಿವರ ಉಳಿದಿದೆ. ಬೆಳಗಾಗುವ ಹೊತ್ತಿಗೆ ಜೌಗಿನಿಂದ ಪೈನ್ ಕಾಡಿಗೆ ಬಂದರು. ಮಿಕನೋಪಿ ಹಿಂದೆಮುಂದೆ ನೋಡುತ್ತಿದ್ದರು, ಇವತ್ತು ಬೇಡ ಅನ್ನುವ ಮಾತೂ ಬಂತು. ಜಂಪರ್ ಒಪ್ಪಲಿಲ್ಲ. ಅವರ ಹೆಸರು ಓಟಿ ಇಮಾತ್ಲ, ಮಿಕನೋಪಿಗೆ ಸಲಹೆ ಕೊಡುವವರು. ಎದೆ ಗಟ್ಟಿ ಇಲ್ಲದವರು ಇಲ್ಲೇ ಉಳಿಯಿರಿ ಅಂತ ಹೇಳಿ ಹೊರಡಲು ಎದ್ದರು. ಆಗ ಮಿಕನೋಪಿ ತಾನೂ ಸಿದ್ಧ ಅಂದರು. ಜಂಪರ್ ಹೇಳಿದ ಮೇಲೆ ಹಲ್ಪಟ ತಸ್ತನಗಿ ಯೋಧರನ್ನು ಎಣಿಸಿದರು. 180 ಜನ. ಮೊದಲ ಗುಂಡು ಹಾರಿಸಿದ್ದು ಮಿಕನೋಪಿ. ಅದೇ ಸನ್ನೆ ಅಂತ ಮೊದಲೇ ಮಾತಾಗಿತ್ತು. ಮೇಜರ್ ಡೇಡ್ ಜೊತೆಗಿದ್ದ ನೂರಕ್ಕೂ ಹೆಚ್ಚು ಸೈನಿಕರಲ್ಲಿ ಬದುಕಿದವರು ಬೆರಳೆಣಿಕೆ.

ಮಗಳಿಗೆ ಇದನ್ನೇ ಹೇಳಿ. ಒಬ್ಬರು ಮಿಕ್ಕೊ. ಒಬ್ಬರು ಸಲಹೆಗಾರ. ಒಬ್ಬರು ತಸ್ತನಗಿ. ಆ ದಿನ ಮೂವರೂ ಅಲ್ಲೇ ಇದ್ದರು, ಮೂವರ ಕೆಲಸವೂ ಬೇರೆ ಬೇರೆ. ಉಳಿದ 180 ಜನ ಮಾತು ಕೇಳಿ ಬಂದವರಲ್ಲ, ತಾವಾಗಿ ಬಂದವರು.

ಕುಂದಾಪ್ರ_ಮಾಣಿ

ಮೇಷ್ಟ್ರೇ, ಓದಿ ತುಂಬಾ ಖುಷಿಯಾಯಿತು. ತಸ್ತನಗಿ ಗಳಿಸುವ ಪದವಿ ಅಂದಿರಿ. ಹಾಗಾದರೆ ಮಿಕ್ಕೊ? ಅದೂ ಗಳಿಸುವುದಾ, ಇಲ್ಲ ಅಪ್ಪನಿಂದ ಮಗನಿಗಾ?

ಒಕ್ಮಲ್ಗಿ_ಮೇಷ್ಟ್ರು

ಎರಡೂ ಅಲ್ಲ. ಅದು ನಿಮ್ಮ ಕಡೆಯವರಿಗೆ ಬೇಗ ಅರ್ಥ ಆಗುತ್ತದೆ, ಅಳಿಯಸಂತಾನ ನೋಡಿದವರಲ್ವಾ. ಮಸ್ಕೋಗಿಯವರಲ್ಲಿ ಕುಲ ಬರುವುದು ತಾಯಿಯಿಂದ. ಎಷ್ಟೋ ಊರುಗಳಲ್ಲಿ ಮಿಕ್ಕೊ ಒಂದೇ ಕುಲದಿಂದ ಬರಬೇಕು. ಒಬ್ಬರು ಹೋದರೆ ಅವರ ಅಕ್ಕತಂಗಿಯರ ಮಗ ಬರುತ್ತಾನೆ. ಅವನು ಯೋಗ್ಯ ಅಲ್ಲ ಅನ್ನಿಸಿದರೆ ಅದೇ ಕುಲದ ಇನ್ನೊಬ್ಬ.

ತಾಯಿ ಕುಲಕ್ಕೆ ಒಂದು ಉದಾಹರಣೆ ವಿಲಿಯಂ ಮ್ಯಾಕಿಂಟಾಶ್ ಅನ್ನುವ ಯುದ್ಧನಾಯಕ. ಅವರ ಅಪ್ಪ ಸ್ಕಾಟ್ಲೆಂಡ್ ಮೂಲದವರು, ತಾಯಿ ಮಸ್ಕೋಗಿಯ ಗಾಳಿ ಕುಲದವರು. ಹಾಗಾಗಿ ಅವರು ಪೂರ್ತಿ ಮಸ್ಕೋಗಿಯೇ. ಅವರ ಪದವಿ ತಸ್ತನಗಿ ಹತ್ಕಿ, ಬಿಳಿ ತಸ್ತನಗಿ. 1825ರ ಫೆಬ್ರವರಿ 12ರಂದು ಇಂಡಿಯನ್ ಸ್ಪ್ರಿಂಗ್ಸ್‌ನಲ್ಲಿ ಅವರು ಮತ್ತು ಇನ್ನು ಕೆಲವರು ಜಾರ್ಜಿಯಾದ ಕಡೆಯ ನೆಲವನ್ನು ಸಹಿ ಹಾಕಿ ಕೊಟ್ಟುಬಿಟ್ಟರು. ಮಸ್ಕೋಗಿ ಸಭೆಯ ಒಪ್ಪಿಗೆ ಇಲ್ಲದೆ ನೆಲ ಮಾರಿದರೆ ಸಾವೇ ಶಿಕ್ಷೆ ಅಂತ ಕಾನೂನಿತ್ತು. ಏಪ್ರಿಲ್ 30ರಂದು ಸಭೆಯ ಮಾತಿನಂತೆ ಯೋಧರು ಚಟಾಹೂಚಿ ಹೊಳೆ ದಂಡೆಯ ಅವರ ಮನೆ ಸುತ್ತುವರಿದು ಬೆಂಕಿ ಇಟ್ಟು ಕೊಂದರು. ಮುಂದೆ ನಿಂತವರು ಮಿನಾವ. 1814ರಲ್ಲಿ ಹಾರ್ಸ್‌ಶೂ ಬೆಂಡ್‌ನಲ್ಲಿ ಅಮೆರಿಕದ ಸೈನ್ಯದ ಎದುರು 800ಕ್ಕೂ ಹೆಚ್ಚು ಮಸ್ಕೋಗಿ ಯೋಧರು ಸತ್ತ ಕಾಳಗದಲ್ಲಿ ಮೈ ತುಂಬಾ ಗುಂಡಿನ ಗಾಯವಾಗಿ ಬದುಕಿ ಬಂದವರು. ಯುದ್ಧದ ಪದವಿ ಎಷ್ಟೇ ದೊಡ್ಡದಿರಲಿ, ನೆಲ ಅವರದಲ್ಲ.

ಫ್ಲಾರಿಡಾದಲ್ಲೂ ಇದೇ ಗೋಳು. ಶರಾವತಿ ಅವರು ಬರೆದ ಚಾರ್ಲಿ ಇಮಾತ್ಲ, ಹೊಲಾಟ ಇಮಾತ್ಲ, ಕೋವ ಹಾಜೊ, ಯಹ ಹಾಜೊ ನಾಲ್ವರೂ ಒಂದೇ ಕಾಗದದ ಮೇಲಿದ್ದಾರೆ. ಪಶ್ಚಿಮದ ನೆಲ ನೋಡಿಕೊಂಡು ಬನ್ನಿ ಅಂತ ಸೆಮಿನೋಲರು ಏಳು ಜನರನ್ನು ಕಳಿಸಿದ್ದರು. ಅಲ್ಲಿ ಫೋರ್ಟ್ ಗಿಬ್ಸನ್‌ನಲ್ಲಿ 1833ರ ಮಾರ್ಚ್ 28ರಂದು ಅವರಿಂದ ಕಾಗದಕ್ಕೆ ಗುರುತು ಹಾಕಿಸಿಕೊಂಡರು. ಇಡೀ ಜನಾಂಗವೇ ಊರು ಬಿಡಲು ಒಪ್ಪಿದೆ ಅಂತ ಸರ್ಕಾರ ಸಾಧಿಸಿತು. ನೋಡಿ ಬರಲು ಹೋದವರಿಗೆ ಒಪ್ಪುವ ಅಧಿಕಾರ ಎಲ್ಲಿತ್ತು? ಎಲ್ಲರನ್ನೂ ‘ಚೀಫ್’ ಅಂತ ಬರೆದುಕೊಂಡರೆ ಯಾರ ಗುರುತು ಬೇಕಾದರೂ ಸಾಕಾಗುತ್ತದೆ. ಶರಾವತಿ ಅವರ ಮಗಳ ಪ್ರಶ್ನೆ ಆಗ ವಾಷಿಂಗ್ಟನ್ನಿನಲ್ಲಿ ಯಾರಾದರೂ ಕೇಳಿದ್ದರೆ ಎಂದು ನನಗೆ ಅನ್ನಿಸುತ್ತದೆ.

ಇಲ್ಲಿ ಒಕ್ಮಲ್ಗಿಯಲ್ಲಿ 1878ರ ಕಲ್ಲಿನ ಸಭಾಭವನ ಇದೆ. 1867ರ ಸಂವಿಧಾನದಲ್ಲಿ ಮಸ್ಕೋಗಿಯವರು ಎರಡು ಸದನ ಮಾಡಿಕೊಂಡರು. ಒಂದು ಮಿಕ್ಕೊಗಳ ಸದನ, ಇನ್ನೊಂದು ಯೋಧರ ಸದನ. ಚೌಕದ ಎರಡು ಚಪ್ಪರಗಳು ಕಲ್ಲಿನ ಗೋಡೆಯೊಳಗೆ ಬಂದು ಕೂತವು. ಮಕ್ಕಳನ್ನು ಪ್ರತಿ ವರ್ಷ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಹಳೆಯ ಚೌಕಗಳೂ ಇನ್ನೂ ನಡೆಯುತ್ತಿವೆ. ಬೇಸಿಗೆಯಲ್ಲಿ ಹಸಿ ಜೋಳದ ಹಬ್ಬ ನಡೆಯುವ ಕಡೆ ಇವತ್ತಿಗೂ ಮಿಕ್ಕೊ ಇದ್ದಾರೆ, ತಸ್ತನಗಿ ಇದ್ದಾರೆ.

ಶರಾವತಿ_ಟ್ಯಾಂಪಾ

ಮೇಷ್ಟ್ರೇ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಡೇಡ್ ಕಾಳಗದ ಭಾಗ ಮಗಳಿಗೆ ಎರಡು ಸಲ ಓದಿ ಹೇಳಿದೆ. ಚಾರ್ಟಿನಲ್ಲಿ ಎಲ್ಲ ‘ಚೀಫ್’ ರಬ್ಬರಿನಿಂದ ಅಳಿಸಿದ್ದಾಳೆ. ಮಿಕನೋಪಿ ಮುಂದೆ ಮಿಕ್ಕೊ ಅಂತ ಬರೆದಳು. ಅಲಿಗೇಟರ್ ಹೋಗಿ ಹಲ್ಪಟ ತಸ್ತನಗಿ ಆಯಿತು. ಒಸ್ಸಿಯೋಲಾ ಮುಂದೆ ಏನು ಬರೆಯಬೇಕು ಅಂತ ಗೊತ್ತಾಗದೆ ಖಾಲಿ ಬಿಟ್ಟಿದ್ದಾಳೆ. ಅವರ ಹೆಸರಲ್ಲಿ ಯಾವ ಪದವಿ ಇದೆ?

ಒಕ್ಮಲ್ಗಿ_ಮೇಷ್ಟ್ರು

ಎಲ್ಲರಿಗೂ ಗೊತ್ತಿರುವ ಆ ಒಂದು ಹೆಸರಿನಲ್ಲಿ ಯುದ್ಧದ ಪದವಿಯೇ ಇಲ್ಲ. ಅಸಿ ಯಹೋಲ ಅನ್ನುವುದು ಇಂಗ್ಲಿಷಿನವರ ಬಾಯಲ್ಲಿ ಒಸ್ಸಿಯೋಲಾ ಆಯಿತು. ಅಸಿ ಅಂದರೆ ಎಲೆ. ಯಾಪಾನ್ ಅನ್ನುವ ಗಿಡದ ಎಲೆ ಹುರಿದು ಕುದಿಸಿ ಮಾಡುವ ಕಷಾಯ. ಸಭೆ ಕೂರುವ ಮೊದಲು ಗಂಡಸರು ಅದನ್ನು ಕುಡಿಯುತ್ತಿದ್ದರು. ಒಬ್ಬರು ಕುಡಿಯುವಾಗ ಪಕ್ಕದಲ್ಲಿ ನಿಂತವನು ಉದ್ದವಾಗಿ ಒಂದು ಸ್ವರ ಎಳೆಯುತ್ತಾನೆ. ಆ ಕೂಗು ಯಹೋಲ. 1770ರ ದಶಕದಲ್ಲಿ ಇಲ್ಲೆಲ್ಲ ತಿರುಗಾಡಿದ ವಿಲಿಯಂ ಬಾರ್ಟ್ರಮ್ ಇದನ್ನು ಕಣ್ಣಾರೆ ನೋಡಿ ಬರೆದಿದ್ದಾರೆ. ಕೂಗುವವನ ಉಸಿರು ಮುಗಿಯುವವರೆಗೂ ಕುಡಿಯುವವನು ಬಾಯಿಂದ ತೆಗೆಯುವ ಹಾಗಿಲ್ಲ.

ಒಸ್ಸಿಯೋಲಾ ಹುಟ್ಟಿದ್ದು 1804ರ ಸುಮಾರಿಗೆ ಅಲಬಾಮದ ಟಲ್ಲಾಸಿಯಲ್ಲಿ. 1814ರ ಹಾರ್ಸ್‌ಶೂ ಬೆಂಡ್ ಸೋಲಿನ ನಂತರ ತಾಯಿಯ ಜೊತೆ ಫ್ಲಾರಿಡಾಕ್ಕೆ ಬಂದ ಹುಡುಗ. ಮಿಕ್ಕೊಗಳ ಸಾಲಿನವರಲ್ಲ. ಮೊದಲು ಅವರ ಜೊತೆ ಇದ್ದದ್ದು ಚಿಕ್ಕ ಗುಂಪು. ಊರು ಬಿಡಲು ದನ ಮಾರಿ ಬಂದ ಚಾರ್ಲಿ ಇಮಾತ್ಲರನ್ನು 1835ರ ನವೆಂಬರಿನಲ್ಲಿ ಕೊಂದು, ಆ ದನದ ದುಡ್ಡನ್ನು ಹೆಣದ ಮೇಲೆ ಚೆಲ್ಲಿದರು ಅಂತ ಹೇಳುತ್ತಾರೆ. ಡೇಡ್ ಕಾಳಗದ ದಿನ ಅವರು ಅಲ್ಲಿರಲಿಲ್ಲ. ಅವತ್ತೇ ಫೋರ್ಟ್ ಕಿಂಗ್‌ನಲ್ಲಿ ಸರ್ಕಾರದ ಏಜೆಂಟ್ ವೈಲಿ ಥಾಮ್ಸನ್ ಅವರನ್ನು ಕೊಂದರು. ಜನ ಹಿಂದೆ ಬಂದದ್ದು ಅವರು ಮಾಡಿದ್ದನ್ನು ನೋಡಿ. 1837ರ ಅಕ್ಟೋಬರಿನಲ್ಲಿ ಬಿಳಿ ಬಾವುಟದ ಕೆಳಗೆ ಮಾತಿಗೆ ಬಂದಾಗ ಮೋಸದಿಂದ ಹಿಡಿದರು. ಜೊತೆಯಲ್ಲಿ ಕೋವ ಹಾಜೊ ಇದ್ದರು. 1838ರ ಜನವರಿ 30ರಂದು ಫೋರ್ಟ್ ಮೌಲ್ಟ್ರಿಯ ಸೆರೆಯಲ್ಲಿ ತೀರಿಕೊಂಡರು.

ಹಾಗಾಗಿ ಅವರ ಹೆಸರಿನ ಮುಂದೆ ಏನೂ ಬೇಡ. ಅಸಿ ಯಹೋಲ ಅಂತ ಪೂರ್ತಿ ಬರೆದರೆ ಸಾಕು.

ಶರಾವತಿ_ಟ್ಯಾಂಪಾ

ಬರೆದಳು. ಪಕ್ಕದಲ್ಲಿ ಕಷಾಯದ ಲೋಟ ಬಿಡಿಸುತ್ತೇನೆ ಅಂತ ಕೂತಿದ್ದಾಳೆ. ಪುಸ್ತಕದಲ್ಲಿ ‘ಬ್ಲ್ಯಾಕ್ ಡ್ರಿಂಕ್’ ಅಂತ ಇದೆ. ಪೂರ್ತಿ ಕಪ್ಪು ಬಳಿಯಲಾ ಅಂತ ಕೇಳುತ್ತಿದ್ದಾಳೆ.

ಒಕ್ಮಲ್ಗಿ_ಮೇಷ್ಟ್ರು

ಕಪ್ಪು ಅಂದವರು ಇಂಗ್ಲಿಷ್ ವ್ಯಾಪಾರಿಗಳು, ಬಣ್ಣ ನೋಡಿ. ಕುಡಿಯುವವರು ಅದನ್ನು ಬಿಳಿ ಅನ್ನುತ್ತಿದ್ದರು, ಮೈಮನಸ್ಸು ತೊಳೆಯುತ್ತದೆ ಅಂತ. ಲೋಟ ಬೇಡ, ಶಂಖ ಬಿಡಿಸಲು ಹೇಳಿ. ಬಾರ್ಟ್ರಮ್ ನೋಡಿದಾಗ ದೊಡ್ಡ ಶಂಖದಲ್ಲೇ ಕೊಡುತ್ತಿದ್ದರು. ಹೊರಗೆ ಬಿಳಿ, ಒಳಗೆ ಕಪ್ಪು ಬಳಿಯಲಿ.